ಚದರ ಅಡಿಗೆ ನೂರು ಪೌಂಡು

ರೊಸೇರ್ ಪ್ಲೂರ್ಡ್ ಯಾವ ಮೆಟ್ಟಿಲನ್ನೂ ಸುಮ್ಮನೆ ಹತ್ತಿದವನಲ್ಲ. ಮೊದಲು ಕೆಳಗೆ ನಿಂತು, ಮೇಲೆ ಎಷ್ಟು ಜನ ಇದ್ದಾರೆ ಎಂದು ಎಣಿಸುತ್ತಿದ್ದ. ಚರ್ಚಿನಲ್ಲೂ ಹಾಗೆ, ಮೆಟ್ರೋ ನಿಲ್ದಾಣದಲ್ಲೂ ಹಾಗೆ. ಸ್ವಂತ ಮಗಳ ಮದುವೆಯ ದಿನ ಸಭಾಂಗಣದ ಮೆಟ್ಟಿಲ ಕೆಳಗೆ ನಿಂತು ತುಟಿ ಅಲ್ಲಾಡಿಸುತ್ತಿದ್ದವನನ್ನು ಕಂಡು ಬೀಗರು ಪ್ರಾರ್ಥನೆ ಮಾಡುತ್ತಿದ್ದಾನೆ ಅಂದುಕೊಂಡರು. ಹೆಂಡತಿ ಯುಗೆತ್‌ಗೆ ಮಾತ್ರ ವಿಷಯ ಗೊತ್ತಿತ್ತು. "ಎಣಿಸಿ ಆಯ್ತಾ? ಇನ್ನಾದ್ರೂ ಹತ್ತೋಣವಾ?" ಎಂದು ಅವನ ತೋಳು ಹಿಡಿದು ಎಳೆದುಕೊಂಡು ಹೋದಳು.

ಮಾಂಟ್ರಿಯಲ್ಲಿನ ಎಂಜಿನಿಯರುಗಳ ಕಚೇರಿಯೊಂದರಲ್ಲಿ ಅವನಿಗೆ ಕಟ್ಟಡಗಳ ಭಾರದ ಲೆಕ್ಕ ಹಾಕುವ ಕೆಲಸ. ಸೇತುವೆ, ಗೋಪುರ, ಆಸ್ಪತ್ರೆಯ ದೊಡ್ಡ ದೊಡ್ಡ ತೊಲೆಗಳು, ಇವೆಲ್ಲ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರ ಮೇಜಿಗೆ ಹೋಗುತ್ತಿದ್ದವು. ಮೆಟ್ಟಿಲು ಮತ್ತು ಕಾರಿಡಾರುಗಳನ್ನು ಯಾರಿಗೂ ಮಾಡಲು ಮನಸ್ಸಿರಲಿಲ್ಲ, ಹಾಗಾಗಿ ಅವು ತಾಂತ್ರಿಕ ಶಾಲೆಯಲ್ಲಿ ಕಲಿತ ರೊಸೇರನ ಮೇಜಿಗೆ ಬಂದು ಬೀಳುತ್ತಿದ್ದವು. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಬೇಜಾರು ಮಾಡಿಕೊಳ್ಳುವುದಿರಲಿ, ಆ ಕೆಲಸವನ್ನು ಅವನು ತಲೆಯ ಮೇಲೆ ಹೊತ್ತುಕೊಂಡೇ ತಿರುಗಿದ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಭಾನುವಾರದ ಊಟಕ್ಕೆ ಅಪ್ಪನ ಮನೆಗೆ ಬಂದವನು ಬಟಾಣಿ ಸೂಪು ಆರುವವರೆಗೂ ಅದನ್ನೇ ಹೇಳಿದ್ದ. ಮಲಗುವ ಕೋಣೆಯ ನೆಲ ಚದರ ಅಡಿಗೆ ನಲವತ್ತು ಪೌಂಡು ತಡೆದರೆ ಸಾಕು. ಎರಡು ಮೂರು ಸಂಸಾರಗಳು ಬಳಸುವ ಮೆಟ್ಟಿಲು, ಕಾರಿಡಾರುಗಳಿಗೆ ನೂರು ಬೇಕು. ಕೋಣೆಯಲ್ಲಾದರೆ ಜನ ಹರಡಿಕೊಂಡು ಕೂರುತ್ತಾರೆ. ಬೆಂಕಿ ಬಿದ್ದಾಗ, ಸಾವಾದಾಗ, ಮದುವೆಯಾದಾಗ ಎಲ್ಲರೂ ಒಟ್ಟಿಗೇ ಮೆಟ್ಟಿಲಿಗೆ ಬರುತ್ತಾರೆ. ಕಟ್ಟಡದ ಸ್ವಂತ ತೂಕಕ್ಕೆ ಸತ್ತ ಭಾರ ಅಂತಲೂ, ಬಂದು ಹೋಗುವವರ ತೂಕಕ್ಕೆ ಜೀವಂತ ಭಾರ ಅಂತಲೂ ಹೆಸರು.

"ಹಂಗಾದ್ರೆ ಬ್ಲಾಂದಿನ್ ಚಿಕ್ಕಮ್ಮ ಊಟ ಮಾಡಿ ಸೋಫಾ ಮೇಲೆ ಗೊರಕೆ ಹೊಡೀತಾರಲ್ಲ, ಅದು ಯಾವ ಭಾರಾನೋ?" ಎಂದು ಅಣ್ಣ ಒವಿಲಾ ಕೇಳಿದ. ಚಿಕ್ಕಮ್ಮ ಬ್ರೆಡ್ಡಿನ ಚೂರು ಎಸೆದಳು. ಒವಿಲಾ ಅಲ್ಲಿಗೇ ಬಿಡಲಿಲ್ಲ. "ನೂರು ಪೌಂಡು, ನೂರು ಪೌಂಡು ಅಂತಾನೆ, ಇವನೇ ನೂರು ಪೌಂಡು ತೂಗಲ್ಲ!" ಎಂದ. ಆಗ ರೊಸೇರ್ ನಿಜಕ್ಕೂ ಕಡ್ಡಿಯ ಹಾಗಿದ್ದ. ಅಂದಿನಿಂದ ಒವಿಲಾನ ಬಾಯಲ್ಲಿ ಅವನ ಹೆಸರೇ ನೂರು ಪೌಂಡು ಎಂದಾಯಿತು. ಬೇರೆ ಯಾರಾದರೂ ಹಾಗೆ ಕರೆದರೆ ರೊಸೇರ್‌ಗೆ ಉರಿಯುತ್ತಿತ್ತು, ಅಣ್ಣ ಕರೆದರೆ ಹಿಗ್ಗುತ್ತಿದ್ದ.

ಒವಿಲಾ ಅವನಿಗಿಂತ ನಾಲ್ಕು ವರ್ಷ ದೊಡ್ಡವನು. ಶಾಲೆ ಅರ್ಧಕ್ಕೆ ಬಿಟ್ಟು ಕಬ್ಬಿಣದ ಕೆಲಸಕ್ಕೆ ಇಳಿದಿದ್ದ. ಅಪ್ಪನ ಮನೆಯ ಹಿಂದಿನ ಗಲ್ಲಿಯಲ್ಲೇ ಅವನ ಶೆಡ್ಡು. ನಮ್ಮ ವಿಲ್‌ರೇ ಬಡಾವಣೆಯ ಅರ್ಧ ಬಾಲ್ಕನಿಗಳ ಕಟಕಟೆ ಅವನ ಕೈಯಿಂದಲೇ ಆದದ್ದು. ನಕ್ಷೆ ಬರೆಯುವ ಅಭ್ಯಾಸವೇ ಅವನಿಗಿರಲಿಲ್ಲ.

ಅಪ್ಪ ಅದೆಲಾರ್‌ದು ಮೂರು ಅಂತಸ್ತಿನ ಇಟ್ಟಿಗೆ ಮನೆ. ಕೆಳಗೊಂದು, ಮೇಲೊಂದು ಬಾಡಿಗೆ ಸಂಸಾರ. ಅಮ್ಮನಿಗೆ ಬಾಲ್ಕನಿ ಬೇಕೆಂದು ಅವರಿಬ್ಬರು ನಡುವಿನ ಅಂತಸ್ತಿನಲ್ಲಿದ್ದರು. ಬೀದಿಯಿಂದ ಬಾಲ್ಕನಿಗೆ, ಇಲ್ಲಿ ಎಲ್ಲರ ಮನೆಗೂ ಇರುವ ಹಾಗೆ, ಹೊರಗಿನಿಂದಲೇ ಮೆಟ್ಟಿಲು. ಮರದ ಆ ಹಳೆಯ ಮೆಟ್ಟಿಲು ಕೊಳೆತು ಹೋಗಿತ್ತು. ಅಪ್ಪ ಅಮ್ಮನ ಮದುವೆಗೆ ಐವತ್ತು ವರ್ಷ ತುಂಬುವ ೧೯೭೧ರ ಬೇಸಿಗೆಗೆ ಒವಿಲಾ ಕಬ್ಬಿಣದ ಹೊಸ ಮೆಟ್ಟಿಲು ಮಾಡಿಕೊಟ್ಟ. ಹದಿನೇಳು ಮೆಟ್ಟಿಲು. ಸೊಂಟ ಬಳುಕಿಸಿದ ಹಾಗೆ ಒಂದು ತಿರುವು. ಕಟಕಟೆಯ ಪ್ರತಿ ಸರಳಿನ ತುದಿಗೂ ಒಂದೊಂದು ಮೊಗ್ಗು. ಮೂರು ತಿಂಗಳು ಅವನು ಬೇರೆ ಕೆಲಸ ಮುಟ್ಟಲಿಲ್ಲ. ಗೋಡೆಗೆ ಕೂರಿಸುವ ವಾರ ಅಪ್ಪ ಅಮ್ಮನನ್ನು ಚಿಕ್ಕಮ್ಮನ ಮನೆಗೆ ಕಳಿಸಿಬಿಟ್ಟಿದ್ದ.

ಅಪ್ಪನಿಗಂತೂ ಆ ಮೆಟ್ಟಿಲೇ ಮನೆಯಾಯಿತು. ಸಂಜೆಯಾದರೆ ಸಾಕು, ಕೆಳಗಿನಿಂದ ಐದನೆಯ ಮೆಟ್ಟಿಲ ಮೇಲೆ ಪೈಪು ಹಚ್ಚಿಕೊಂಡು ಕೂತುಬಿಡುತ್ತಿದ್ದ. ಹಾಲಿನವನು, ಪಾದ್ರಿ, ಎದುರು ಮನೆಯ ಜಗಳಗಂಟಿಯರು, ಯಾರೂ ಅವನಿಗೆ ಸುಂಕ ಕೊಟ್ಟ ಹಾಗೆ ಎರಡು ಮಾತು ಕೊಡದೆ ಮುಂದೆ ಹೋಗುವಂತಿರಲಿಲ್ಲ. ಮೇಲಿನ ಮನೆಯವರು ಸಾಮಾನು ಹಿಡಿದು ಬಂದರೆ ಮೊಣಕಾಲು ಓರೆ ಮಾಡಿ ದಾರಿ ಬಿಡುತ್ತಿದ್ದ.

ಸಮಾರಂಭ ಆಗಸ್ಟಿನ ಒಂದು ಭಾನುವಾರ. ಅದರ ಹಿಂದಿನ ದಿನ ರೊಸೇರ್ ಅಳತೆಪಟ್ಟಿ ಹಿಡಿದು ಬಂದ. ಯಾರೂ ಕರೆದಿರಲಿಲ್ಲ. ಕಾಲು ತಾನಾಗೇ ಎಳೆದುಕೊಂಡು ಬಂದಿತ್ತು. ಕಾಲಿಡುವ ಹಾಸು, ಅಗಲ, ಪಕ್ಕದ ಪಟ್ಟಿಗಳ ದಪ್ಪ ಅಳೆದ. ಆಮೇಲೆ ಬಾಲ್ಕನಿಯ ಬಳಿ ಮೆಟ್ಟಿಲು ಗೋಡೆಗೆ ಸೇರುವಲ್ಲಿ ಬಗ್ಗಿ ನೋಡಿದ. ಒಂದು ಕಬ್ಬಿಣದ ಹಲಗೆ, ಅದಕ್ಕೆ ಅರ್ಧ ಅಂಗುಲದ ಎರಡು ಬೋಲ್ಟು. ಅಷ್ಟೇ. ಅವನು ಬೋಲ್ಟನ್ನು ಇನ್ನೊಮ್ಮೆ ಅಳೆದ.

ಗಲ್ಲಿಯ ಶೆಡ್ಡಿಗೆ ಹೋದಾಗ ಒವಿಲಾ ಗೆಳೆಯರ ಜೊತೆ ಬಿಯರು ಕುಡಿಯುತ್ತಿದ್ದ.

"ಅಣ್ಣಾ, ಮೆಟ್ಟಿಲಿನ ನಕ್ಷೆ ಎಲ್ಲಿ?"

ಒವಿಲಾ ಹಣೆ ತಟ್ಟಿ ತೋರಿಸಿದ. "ಇಲ್ಲಿದೆ. ಬೇಕಾದ್ರೆ ತಲೆ ಸೀಳಿ ನೋಡ್ಕೋ."

"ತಮಾಷೆ ಬೇಡ. ಲೆಕ್ಕ ಹಾಕಿದೀಯಾ?"

"ನೋಡ್ರಪ್ಪಾ, ನೂರು ಪೌಂಡು ಲೆಕ್ಕ ಕೇಳೋಕೆ ಬಂದಿದಾನೆ!" ಎಲ್ಲರೂ ನಕ್ಕರು. ರೊಸೇರನೂ ಸುಮ್ಮನೆ ಹಲ್ಲು ಕಿರಿದ. ಗೆಳೆಯರು ಹೋಗುವವರೆಗೆ ಕಾಯಬಹುದಿತ್ತು. ಅಣ್ಣನನ್ನು ಪಕ್ಕಕ್ಕೆ ಕರೆದು, ಆ ಬೋಲ್ಟಿನ ಹಿಂದೆ ಏನಿದೆ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮನೆಗೆ ಹೋಗಿ ಕಂಡಷ್ಟಕ್ಕೆ ಲೆಕ್ಕ ಹಾಕಿದ. ಚದರ ಅಡಿಗೆ ಐವತ್ತು ಬಂತು. ಮತ್ತೆ ಹಾಕಿದ, ಐವತ್ತೇ ಬಂತು. ಬೇಕಾದದ್ದರ ಸರಿಯಾಗಿ ಅರ್ಧ.

ಸೀರೆ ಪಿನ್ನು ಅಂತ ತಡ ಮಾಡುವ ದೇಶವಲ್ಲ ಇದು, ಭಾನುವಾರ ಯುಗೆತ್ ಕೂದಲಿನ ಸುರುಳಿ ಕಟ್ಟುತ್ತಾ ತಡ ಮಾಡಿದಳು. ಅವರು ಬೀದಿಯ ತಿರುವಿಗೆ ಬರುವಷ್ಟರಲ್ಲಿ ಚರ್ಚಿನ ಪೂಜೆ ಮುಗಿಸಿ ಬಂದ ಬಳಗವೆಲ್ಲ ಮೆಟ್ಟಿಲ ಮೇಲೆ ನಿಂತಾಗಿತ್ತು. ಫುಟ್‌ಪಾತಿನಲ್ಲಿ ಫೋಟೊದವನು ಕರಿ ಬಟ್ಟೆಯ ಕೆಳಗೆ ತಲೆ ತೂರಿಸಿದ್ದ. ನಡುವೆ ಅಪ್ಪ ಅಮ್ಮ, ಎದೆಗೆ ಹೂ ಸಿಕ್ಕಿಸಿಕೊಂಡು. ಒವಿಲಾ ಕೆಳಗೆ ನಿಂತು ಒಬ್ಬೊಬ್ಬರನ್ನೇ ಮೇಲೆ ಕೆಳಗೆ ಸರಿಸುತ್ತಿದ್ದ, ತಾನು ಕೊನೆಯ ಮೆಟ್ಟಿಲಿಗೆ ಹಾರುವವನಿದ್ದ. ರೊಸೇರ್ ಎಣಿಸಿದ. ಇಪ್ಪತ್ಮೂರು.

"ಇಳೀರಿ!" ಎಂದು ಕೂಗಿದ. "ಎಲ್ಲಾರೂ ಇಳೀರಿ, ಒಬ್ಬೊಬ್ಬರಾಗಿ, ಮೆಲ್ಲಗೆ!"

ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. "ಏನಾಯ್ತೋ, ಬೆಂಕಿ ಬಿತ್ತಾ?" ಎಂದು ಬ್ಲಾಂದಿನ್ ಚಿಕ್ಕಮ್ಮ ಕೇಳಿದಳು.

"ಈ ಮೆಟ್ಟಿಲು ಇಷ್ಟು ಜನಾನ ತಡೆಯಲ್ಲ ಚಿಕ್ಕಮ್ಮ. ತಲಾ ನೂರೈವತ್ತು ಪೌಂಡು ಹಿಡಿದ್ರೂ..."

"ನನ್ನನ್ನೂ ನೂರೈವತ್ತೇ ಅಂತ ಹಿಡ್ದಿದೀಯಾ? ದೇವರು ನಿನ್ನ ಚೆನ್ನಾಗಿಟ್ಟಿರಲಿ!" ಕೆಲವರು ನಕ್ಕರು. ಒವಿಲಾ ನಗಲಿಲ್ಲ. ನಿಧಾನವಾಗಿ ತಮ್ಮನ ಹತ್ತಿರ ಬಂದ.

"ಎಷ್ಟು ಜನಾನ ತಡೆಯುತ್ತೆ ಹೇಳು."

"ಹದಿನಾಲ್ಕು."

"ಸರಿ. ಆ ಹದಿನಾಲ್ಕು ಜನ ಯಾರು? ನೀನೇ ಆರಿಸು."

ರೊಸೇರ್ ತಲೆ ತಗ್ಗಿಸಿದ್ದರೆ ಆಗುತ್ತಿತ್ತು. ಆದರೆ ಆ ಪುಣ್ಯಾತ್ಮ ತಲೆಯೆತ್ತಿ ಮೆಟ್ಟಿಲಿನ ಮೇಲಿದ್ದವರನ್ನು ನಿಜಕ್ಕೂ ನೋಡತೊಡಗಿದ. ತೂಕದವರು ಯಾರು, ಹಗುರದವರು ಯಾರು ಎಂದು ಅವನ ಕಣ್ಣು ಓಡಿದ್ದನ್ನು ಒವಿಲಾ ಕಂಡ. ಅಪ್ಪನೂ ಕಂಡ. ಅಪ್ಪ ಮೆಲ್ಲಗೆ ಅಮ್ಮನ ಕೈ ಬಿಡಿಸಿಕೊಂಡು, ಕಟಕಟೆ ಹಿಡಿದು, ಎಲ್ಲರಿಗಿಂತ ಮೊದಲು ಇಳಿದುಬಿಟ್ಟ. "ಓದಿದವನು ಹೇಳ್ತಿದಾನೆ. ಇಳೀರಿ ಎಲ್ಲಾರೂ," ಎಂದ.

ಒವಿಲಾ ಅಪ್ಪನ ಮುಖವನ್ನೇ ಒಂದು ಗಳಿಗೆ ನೋಡಿ, ಟೈ ಬಿಚ್ಚಿ ಜೇಬಿಗೆ ತುರುಕಿಕೊಂಡು ಗಲ್ಲಿಯ ಕಡೆ ನಡೆದ. ಫೋಟೊ ಫುಟ್‌ಪಾತಿನಲ್ಲೇ ತೆಗೆದದ್ದಾಯಿತು. ಅದರಲ್ಲಿ ರೊಸೇರ್ ಇದ್ದಾನೆ, ಒವಿಲಾ ಇಲ್ಲ.

ಮರುದಿನ ರೊಸೇರ್ ಅಪ್ಪನಿಗೆ ಕಾಗದದಲ್ಲಿ ಬರೆದುಕೊಟ್ಟ. ಮೆಟ್ಟಿಲನ್ನು ಬಲಪಡಿಸಬೇಕು ಅಥವಾ ತೆಗೆಸಬೇಕು, ಅಲ್ಲಿಯವರೆಗೆ ಒಮ್ಮೆಗೆ ಇಬ್ಬರಿಗಿಂತ ಹೆಚ್ಚು ಜನ ಬಳಸಕೂಡದು ಎಂದು ಬರೆದು, ಸಹಿ, ಫೋನ್ ನಂಬರು ಹಾಕಿದ. ತನ್ನ ಲೆಕ್ಕವೇ ಹದಿನಾಲ್ಕು ಅಂದಿದ್ದರೂ ಇಬ್ಬರು ಎಂದೇ ಬರೆದ. ಲೆಕ್ಕದಲ್ಲಿ ಯಾವಾಗಲೂ ಸುರಕ್ಷತೆಗೆಂದು ಒಂದಿಷ್ಟು ಮಿಗಿಲು ಇಟ್ಟಿರುತ್ತಾರೆ, ಒಂದು ಫೋಟೊ ತೆಗೆಯುವಷ್ಟು ಹೊತ್ತು ಇಪ್ಪತ್ಮೂರು ಜನರನ್ನು ಅದು ಹೇಗೂ ತಡೆಯುತ್ತಿತ್ತು ಎಂಬುದೂ ಅವನಿಗೆ ಅಂದೇ ಗೊತ್ತಿತ್ತು. ಬೀದಿಯ ಮುಂದೆ ಕೂಗಿಯಾಗಿತ್ತು. ಕೂಗಿದವನು ಸರಿ ಎಂದು ಆಗಲೇಬೇಕಿತ್ತು.

ಬಲಪಡಿಸು ಎಂದು ಒವಿಲಾನನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬೇರೆಯವರ ಕೈಯಲ್ಲಿ ಮುಟ್ಟಿಸಲು ಅಪ್ಪ ಒಪ್ಪಲಿಲ್ಲ. ಅವನು ಮಾಡಿದ್ದು ಒಂದೇ. ರಟ್ಟಿನ ತುಂಡಿನ ಮೇಲೆ "ಒಮ್ಮೆಗೆ ಇಬ್ಬರೇ" ಎಂದು ಬರೆದು ಕೆಳಗಿನ ಕಂಬಕ್ಕೆ ಕಟ್ಟಿದ, ಅದನ್ನು ವೇದವಾಕ್ಯದಂತೆ ಪಾಲಿಸಿದ. ತಾನು ಐದನೆಯ ಮೆಟ್ಟಿಲ ಮೇಲೆ ಕೂತರೆ ಮಿಕ್ಕವರಲ್ಲಿ ಒಬ್ಬರೇ ತಾನೆ ಓಡಾಡಲು ಆಗುವುದು? ಮೇಲಿನ ಬಾಡಿಗೆಯವರಿಗೆ ತೊಂದರೆ. ಹಾಗಾಗಿ ಕೂರುವುದನ್ನು ಬಿಟ್ಟ. ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಗಲ್ಲಿಯಲ್ಲಿ ಒಣಗುವ ಬಟ್ಟೆಗಳನ್ನು ನೋಡತೊಡಗಿದ. ಅಮ್ಮನ ಇಸ್ಪೀಟಿನ ಗೆಳತಿಯರು ಕೆಳಗೆ ಸರದಿ ನಿಂತು ನಿಂತು ಬೇಸತ್ತು ಬೇರೆ ಮನೆ ಹುಡುಕಿಕೊಂಡರು. ಹೀಗೆ ಎರಡು ಬೇಸಿಗೆ ಕಳೆದವು. ರೊಸೇರ್ ಪ್ರತಿ ಭಾನುವಾರ ಬಂದು, ಖಾಲಿ ಐದನೆಯ ಮೆಟ್ಟಿಲನ್ನು ದಾಟಿ ಮೇಲೆ ಹೋಗುತ್ತಿದ್ದ. ದಾಟುವಾಗ ಅದರ ಮೇಲೆ ಕಾಲಿಡುತ್ತಿರಲಿಲ್ಲ. ಆದರೂ ತಾನು ಹೇಳಿದ್ದು ಸರಿ ಎಂದೇ ಇದ್ದ.

ಒವಿಲಾ ಹಿಂದಿನ ಗಲ್ಲಿಯ ಮರದ ಮೆಟ್ಟಿಲಿನಿಂದ ಬಂದು ಅಪ್ಪ ಅಮ್ಮನನ್ನು ನೋಡಿ ಹೋಗುತ್ತಿದ್ದ. ತಮ್ಮ ಎದುರಾದರೆ ಟೋಪಿ ಎತ್ತುತ್ತಿದ್ದ. "ನಮಸ್ಕಾರ, ಮಿಸ್ಯೂ ಪ್ಲೂರ್ಡ್. ನೀವು ಚೆನ್ನಾಗಿದೀರಾ?" ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದ ತಮ್ಮನಿಗೆ ಶ್ರೀಯುತ ಎಂಬರ್ಥದ ಮಿಸ್ಯೂ, ಮೇಲೆ ನೀವು! ಒಂದು ಸಲ ಬೈದಿದ್ದರೆ, ಎರಡು ಬಾರಿಸಿದ್ದರೆ ರೊಸೇರ್ ತಡೆದುಕೊಳ್ಳುತ್ತಿದ್ದ. ಆ ನೀವು ಎಂಬುದನ್ನು ತಡೆದುಕೊಳ್ಳುವುದು ಅವನಿಂದಾಗಲಿಲ್ಲ.

ಅಪ್ಪ ತೀರಿಕೊಂಡದ್ದು ೧೯೭೪ರ ಫೆಬ್ರುವರಿಯಲ್ಲಿ. ಮಣ್ಣು ಮುಗಿಸಿ ಬಂದ ಜನ, ಮೊಟ್ಟೆಯ ಸ್ಯಾಂಡ್‌ವಿಚ್ಚು ಕಾಫಿಗೆಂದು ಮನೆಗೆ ಬಂದವರು, ಕಂಬದ ರಟ್ಟು ನೋಡಿ ಹಿಮದಲ್ಲಿ ಸಾಲು ನಿಂತರು. ಇಬ್ಬರು ಹತ್ತುವುದು, ಬಾಗಿಲು ಮುಚ್ಚಿದ ಸದ್ದಾದ ಮೇಲೆ ಇನ್ನಿಬ್ಬರು. ಸತ್ತವನ ಮಾತನ್ನು ಅವನ ಮನೆಯ ಬಾಗಿಲಲ್ಲೇ ಮೀರುವುದು ಹೇಗೆ? ಸಾಲಿನ ಕೊನೆಯಲ್ಲಿ, ಪರಕೀಯನ ಹಾಗೆ, ಒವಿಲಾ ನಿಂತಿದ್ದ. ಭುಜದ ಮೇಲೆ ಹಿಮ ಕೂತಿತ್ತು. ರೊಸೇರ್ ಇಳಿದು ಬಂದು ಅವನ ತೋಳು ಹಿಡಿದ.

"ಬಾ ಅಣ್ಣಾ. ನೀನ್ಯಾಕೆ ಸಾಲಲ್ಲಿ ನಿಲ್ತೀಯಾ?"

"ನೀವು ಆರಿಸಿದ ಹದಿನಾಲ್ಕರಲ್ಲಿ ನಾನಿದೀನೋ ಇಲ್ವೋ ಗೊತ್ತಿಲ್ಲವಲ್ಲ," ಎಂದು ಒವಿಲಾ ತೋಳು ಬಿಡಿಸಿಕೊಂಡ. ಆ ವರ್ಷವೇ ಶೆಡ್ಡು ಮುಚ್ಚಿ ನದಿಯ ಕೆಳಗಿನ ಸೊರೆಲ್ ಊರಿಗೆ ಹೋಗಿಬಿಟ್ಟ.

ಅಮ್ಮನೂ ಹೋದ ಮೇಲೆ ೧೯೮೩ರಲ್ಲಿ ಮನೆ ಮಾರಾಟವಾಯಿತು. ಕೊಂಡವನು ಥಾನಾಸಿಸ್ ಎಂಬ ಗ್ರೀಕ. ಮನೆಯ ಪತ್ರಗಳ ಜೊತೆ ರೊಸೇರನ ಕಾಗದವೂ ಅವನ ಕೈ ಸೇರಿತು. ವಿಮೆಯವರು ಅದನ್ನು ಓದಿ, ಮೊದಲು ಆ ಮೆಟ್ಟಿಲು ತೆಗೆಸು ಎಂದು ಕಡ್ಡಿ ಮುರಿದಂತೆ ಹೇಳಿದರು. ಒಂದು ಶನಿವಾರ ಬೆಳಿಗ್ಗೆ ರೊಸೇರನ ಮನೆಯ ಫೋನು ಬಡಿದುಕೊಂಡಿತು. ಆ ಕಡೆ ಥಾನಾಸಿಸ್.

"ಈ ಕಾಗದ ಬರೆದೋರು ನೀವೇನಾ ಸ್ವಾಮಿ? ಬಲ ಇಲ್ಲ ಅಂತ ಬರೆದಿದೀರಿ. ಬೆಳಿಗ್ಗೆಯಿಂದ ಸರಪಳಿ ಹಾಕಿ ಟ್ರಕ್ಕಲ್ಲಿ ಎಳೀತಿದೀವಿ. ಟ್ರಕ್ಕಿನ ಬಂಪರ್ ಕಿತ್ಕೊಂಡು ಬಂತು, ಮೆಟ್ಟಿಲು ಬರ್ತಾ ಇಲ್ಲ!"

ರೊಸೇರ್ ಹೋದಾಗ ಮೆಟ್ಟಿಲಿನ ಕೆಳಗಿನ ಅರ್ಧವನ್ನು ಗ್ಯಾಸಿನಿಂದ ಕತ್ತರಿಸಿ ಫುಟ್‌ಪಾತಿನ ಮೇಲೆ ಮಲಗಿಸಿದ್ದರು. ಐದನೆಯ ಮೆಟ್ಟಿಲು ಅದರಲ್ಲೇ ಇತ್ತು. ಮೇಲೆ, ಮಿಕ್ಕ ಅರ್ಧ ಕೆಳಗೆ ಆಧಾರವೇ ಇಲ್ಲದೆ ಗಾಳಿಯಲ್ಲಿ ನಿಂತಿತ್ತು. ಥಾನಾಸಿಸ್‌ನ ಭಾವಮೈದ ಬೋಲ್ಟಿನ ಹಲಗೆಯ ಸುತ್ತ ಇಟ್ಟಿಗೆ ಒಡೆದಿದ್ದ. ರೊಸೇರ್ ಬಾಲ್ಕನಿಯ ಮೇಲೆ ಮಂಡಿಯೂರಿ ಒಳಗೆ ನೋಡಿದ.

ಬೋಲ್ಟುಗಳು ಹಲಗೆಯನ್ನು ಅಂದಕ್ಕೆ ಹಿಡಿದಿದ್ದವು, ಅಷ್ಟೆ. ಅದರ ಹಿಂದಿನಿಂದ ಮಣಿಕಟ್ಟಿನಷ್ಟು ದಪ್ಪದ ಎರಡು ಸಲಾಕೆ ಗೋಡೆ ದಾಟಿ, ನೆಲದ ಮರದ ತೊಲೆಗಳ ಪಕ್ಕದಲ್ಲಿ ನಾಲ್ಕಡಿ ಒಳಗೆ ಹೋಗಿದ್ದವು. ಮೂರು ತೊಲೆಗಳಿಗೆ ಪಟ್ಟಿ ಸುತ್ತಿ ಬಿಗಿದು, ತುದಿಯನ್ನು ಕೊಕ್ಕೆಯ ಹಾಗೆ ಬಗ್ಗಿಸಿತ್ತು. ಅವನು ಜೇಬಿನ ಪೆನ್ಸಿಲು ತೆಗೆದು ಸಿಗರೇಟು ಪೊಟ್ಟಣದ ಹಿಂದೆ ಲೆಕ್ಕ ಹಾಕಿದ. ಚದರ ಅಡಿಗೆ ನೂರ ಎಪ್ಪತ್ತು. ಅಂದು ನಿಂತಿದ್ದವರ ಎರಡರಷ್ಟು ಜನ ನಿಂತು ಕುಣಿಯಬಹುದಿತ್ತು.

ಸಲಾಕೆಯ ಮೇಲೆ ಏನೋ ಗುರುತು ಕಂಡು ಅಂಗೈಯಿಂದ ಧೂಳು ಒರೆಸಿದ. ಅಂಕಿಯ ಉಳಿಯಿಂದ ಕುಟ್ಟಿದ್ದು. ಒಂದು, ಸೊನ್ನೆ, ಸೊನ್ನೆ. ಇನ್ನೊಂದು ಸಲಾಕೆಯ ಮೇಲೂ ಅದೇ. ಭಾನುವಾರಗಳ ಊಟದಲ್ಲಿ ಅಷ್ಟು ವರ್ಷ ಗೇಲಿ ಮಾಡುತ್ತಾ ಅಣ್ಣ ಒಂದೊಂದು ಮಾತನ್ನೂ ಕೇಳಿಸಿಕೊಂಡಿದ್ದ. ಕೇಳಿಸಿಕೊಂಡು, ಯಾರೂ ನೋಡದ ಜಾಗದಲ್ಲಿ ತಮ್ಮನ ಅಂಕಿಯನ್ನು ಬರೆದು ಇಟ್ಟಿಗೆ ಮುಚ್ಚಿದ್ದ.

"ಕತ್ತರಿಸಲಾ ಸ್ವಾಮಿ?" ಎಂದು ಭಾವಮೈದ ಕೇಳಿದ.

ಕೆಳಗಿನ ಅರ್ಧ ಆಗಲೇ ಹೋಗಿತ್ತು. ಬೇಡ ಅನ್ನಲು ಏನು ಉಳಿದಿತ್ತು? ರೊಸೇರ್ ತಲೆಯಾಡಿಸಿದ. ಕತ್ತರಿಸಿದ ಸಲಾಕೆಯಲ್ಲಿ ಅಂಕಿಯಿದ್ದ ಒಂದು ತುಂಡನ್ನು ಕೇಳಿ ತೆಗೆದುಕೊಂಡ.

ಮರುದಿನ ಅದನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಸೊರೆಲ್‌ಗೆ ಬಸ್ಸು ಹತ್ತಿದ. ಅದರ ಭಾರಕ್ಕೆ ಕಾಲು ಜೋಮು ಹಿಡಿಯಿತು, ಆದರೂ ಪಕ್ಕದ ಖಾಲಿ ಸೀಟಿನ ಮೇಲಿಡಲಿಲ್ಲ. ಒವಿಲಾನೇ ಬಾಗಿಲು ತೆರೆದ. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಬನ್ನಿ, ಮಿಸ್ಯೂ ಪ್ಲೂರ್ಡ್. ಕೂತ್ಕೊಳ್ಳಿ."

ರೊಸೇರ್ ಕೂರಲಿಲ್ಲ. ಮೇಜಿನ ಮೇಲೆ ಪತ್ರಿಕೆಯ ಸುತ್ತು ಬಿಚ್ಚಿದ. ಒವಿಲಾ ಸಲಾಕೆಯನ್ನು ನೋಡಿದ, ಮುಟ್ಟಲಿಲ್ಲ.

"ಕಿತ್ತು ಹಾಕಿಸಿದ್ರಾ?"

"ನನ್ನ ಕಾಗದ ಕಿತ್ತು ಹಾಕಿಸ್ತು." ರೊಸೇರ್ ಸಲಾಕೆಯನ್ನು ಅಣ್ಣನ ಕಡೆ ಸರಿಸಿದ. "ಯಾಕಣ್ಣಾ ಹೇಳಲಿಲ್ಲ? ಗೋಡೆಯೊಳಗೆ ಇದೆ ಅಂತ ಒಂದು ಮಾತು ಅಂದಿದ್ರೆ..."

"ನೀವು ಕೇಳಿದ್ದು ಲೆಕ್ಕ. ಹೇಗೆ ಕಟ್ಟಿದೆ ಅಂತ ಕೇಳ್ಲೇ ಇಲ್ಲ."

"ನನಗೆ ಬೇಡ. ಅಪ್ಪನಿಗಾದ್ರೂ ಹೇಳಬಹುದಿತ್ತಲ್ಲ."

ಒವಿಲಾ ಕಿಟಕಿಯ ಕಡೆ ತಿರುಗಿದ. "ಅಪ್ಪ ಮೊದಲು ಇಳಿದ್ರು," ಎಂದ. "ನನ್ನ ಕಡೆ ತಿರುಗೀನೂ ನೋಡಲಿಲ್ಲ. ಇಳಿದ್ಮೇಲೆ ಹೇಳೋಕೆ ಮನಸ್ಸು ಬರಲಿಲ್ಲ. ನಾಳೆ ಹೇಳೋಣ, ಮುಂದಿನ ವಾರ ಹೇಳೋಣ, ಇನ್ನೂ ಸ್ವಲ್ಪ ನೋಯಲಿ ಅಂತ ಇದ್ದೆ. ಅವರು ಅಡುಗೆಮನೇಲಿ ಕೂತಿರೋದು ನೋಡ್ಕೊಂಡು ಎರಡೂವರೆ ವರ್ಷ ಗಲ್ಲಿ ಕಡೆಯಿಂದ ಬಂದು ಹೋದೆ. ಕಾಗದ ಬರೆದವರು ಒಬ್ಬರು, ಬಾಯಿ ಮುಚ್ಕೊಂಡು ಇದ್ದೋನು ಇನ್ನೊಬ್ಬ. ಇಬ್ಬರೂ ಸೇರಿ ಆ ಮುದುಕನ್ನ ಒಳಗೆ ಕೂರಿಸಿದ್ವಿ."

ರೊಸೇರ್ ಅಳುತ್ತಿದ್ದ. ಒರೆಸಿಕೊಳ್ಳಲೂ ಇಲ್ಲ. ಗೋಡೆಯ ಮೇಲೆ ಐವತ್ತನೆಯ ವರ್ಷದ ಆ ಫೋಟೊ ತೂಗುಹಾಕಿತ್ತು, ಒವಿಲಾ ಇಲ್ಲದ ಫೋಟೊ. ಫುಟ್‌ಪಾತಿನಲ್ಲಿ ಒತ್ತಿಕೊಂಡು ನಿಂತ ಬಳಗ. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದರು, ಅಪ್ಪನೊಬ್ಬ ಗಲ್ಲಿಯ ಕಡೆ ಮುಖ ಮಾಡಿದ್ದ. ಹಿಂದೆ ಹದಿನೇಳು ಮೆಟ್ಟಿಲೂ ಖಾಲಿಯಾಗಿದ್ದವು.

ಒವಿಲಾ ಮೇಜಿನ ಬಳಿ ಬಂದು ಸಲಾಕೆಯನ್ನು ಎರಡೂ ಕೈಯಲ್ಲಿ ಎತ್ತಿದ. ಅಂಕಿಯ ಮೇಲೆ ಹೆಬ್ಬೆರಳು ಆಡಿಸಿದ.

"ಎಷ್ಟಿದೆ ತೂಕ?"

"ತೂಗಲಿಲ್ಲ ಅಣ್ಣಾ."

"ತೂಗದೇನೇ ಅಷ್ಟು ದೂರದಿಂದ ಹೊತ್ಕೊಂಡು ಬಂದ್ಯೇನೋ, ನೂರು ಪೌಂಡು?"

ಹನ್ನೆರಡು ವರ್ಷದ ಮೇಲೆ ಆ ಹೆಸರು ಕೇಳಿ ರೊಸೇರ್ ಹೂಂ ಎಂದ. ಅದನ್ನು ಕೇಳಿಸಿಕೊಳ್ಳಲು ಅಪ್ಪ ಇರಲಿಲ್ಲ.